ಕಾರು ತಗ್ಗಿಸಿದ ಮೇಲೆ ಟೈರು ಉಳಿಸಿಕೊಳ್ಳುವುದು ಹೇಗೆ: ವೀಲ್ ಅಲೈನ್‌ಮೆಂಟ್‌ನ ಸಮಗ್ರ ಮಾರ್ಗದರ್ಶಿ

ಹಿಂದಿನ ಎಡ ಟೈರಿನಲ್ಲಿ ತಂತಿ ಹೊರಬಂದದ್ದನ್ನು ಮೊದಲು ನೋಡಿದವನು ನಾನಲ್ಲ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಬ್ಬ ಪಂಕ್ಚರ್ ಅಂಗಡಿಯವರು. ಮೊಳೆ ಚುಚ್ಚಿದೆಯೆಂದು ಅಲ್ಲಿ ನಿಲ್ಲಿಸಿದ್ದೆ. ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿದವರು ಮೊಳೆಯ ಕಡೆ ನೋಡಲೇ ಇಲ್ಲ. "ಸರ್, ಇದಕ್ಕೆ ಪ್ಯಾಚ್ ಹಾಕಿ ಏನು ಪ್ರಯೋಜನ? ಒಳಗಡೆ ನೋಡಿದ್ದೀರಾ?" ಎಂದು ಟೈರನ್ನು ಮಗುಚಿ ತೋರಿಸಿದರು. ಹೊರಗಂಚಿನಲ್ಲಿ ಬಟನ್, ಅಂದರೆ ರಸ್ತೆ ಹಿಡಿಯುವ ರಬ್ಬರ್ ಉಬ್ಬು, ಇನ್ನೂ ಗಟ್ಟಿಯಾಗಿತ್ತು. ಒಳಗಂಚಿನಲ್ಲಿ ಎರಡು ಬೆರಳಗಲ ರಬ್ಬರ್ ಬೋಳಾಗಿ, ಒಂದು ಕಡೆ ಉಕ್ಕಿನ ತಂತಿ ಬೆಕ್ಕಿನ ಮೀಸೆಯಂತೆ ಎದ್ದು ನಿಂತಿತ್ತು. ಹಿಂದಿನ ಭಾನುವಾರ ಅದೇ ಟೈರಿನಲ್ಲಿ ನಂದಿ ಬೆಟ್ಟದ ತಿರುವುಗಳನ್ನು ಹತ್ತಿ ಇಳಿದಿದ್ದೆ.

ಕಾರು 2008ರ ಪೋರ್ಷೆ ಕೇಮನ್, ಎರಡನೇ ಕೈಯದು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಜಮೀನು ಮಾರಿ ಕೊಂಡದ್ದಲ್ಲ, ಸಂಬಳ ಉಳಿಸಿ ಕೊಂಡದ್ದು. ಹಾಗಾಗಿ ಒಂದು ಜೋಡಿ ಹಿಂದಿನ ಟೈರಿನ ಬೆಲೆ ನನಗೆ ಚೆನ್ನಾಗಿಯೇ ನಾಟುತ್ತದೆ. ಕಾರಿನ ಎತ್ತರ ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಹಾಕಿಸಿ ಆಗ 9,000 ಕಿ.ಮೀ. ಆಗಿತ್ತು. ಹಾಕಿದ ಗ್ಯಾರೇಜಿನಲ್ಲೇ ಚಕ್ರಗಳ ಕೋನ ಸರಿ ಮಾಡುವ ಅಲೈನ್‌ಮೆಂಟ್ ಕೂಡ ಮಾಡಿಸಿದ್ದೆ. ಪರದೆಯ ಮೇಲೆ ಮುಂದಿನ ಚಕ್ರಗಳ ಚೌಕಗಳು ಹಸಿರಾದುದನ್ನು ತೋರಿಸಿ "ಎಲ್ಲ ಸರಿಯಾಗಿದೆ ಸರ್" ಎಂದಿದ್ದರು. ಹಿಂದಿನ ಚಕ್ರಗಳನ್ನು ಯಾರೂ ಮುಟ್ಟಿರಲಿಲ್ಲ.

ಕಾರು ತಗ್ಗಿಸಿದರೆ ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ಹೆಚ್ಚಾಗಿ ಟೈರು ತಿನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮಾತು. ಟೈರು ಎಲ್ಲಿ ಸವೆಯಬೇಕು ಎಂಬುದನ್ನು ಕ್ಯಾಂಬರ್ ತೋರಿಸುತ್ತದೆ, ನಿಜ. ಎಷ್ಟು ಬೇಗ ಸವೆಯಬೇಕು ಎಂಬುದನ್ನು ನಿರ್ಧರಿಸುವುದು ಬಹುಪಾಲು ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಟೋ ಸುತ್ತಲೇ ತಿರುಗುವುದು ಅದಕ್ಕೇ.

ಮೊದಲು ಕೋನಗಳು

ಚಕ್ರವನ್ನು ಎದುರಿನಿಂದ ನೋಡಿದಾಗ ಅದರ ತಲೆ ಒಳಕ್ಕೆ ವಾಲಿದ್ದರೆ ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿಗಳು ಒಂದರ ಕಡೆಗೊಂದು ತಿರುಗಿದ್ದರೆ ಟೋ ಇನ್, ದೂರ ಸರಿದಿದ್ದರೆ ಟೋ ಔಟ್. ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ಒರಗಿದೆ ಎಂಬುದು ಕ್ಯಾಸ್ಟರ್. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಕ್ಕೆ ಮುಖ್ಯ ಕಾರಣ ಅದು, ಟೈರು ಸವೆತದಲ್ಲಿ ಅದರ ಪಾತ್ರ ಕಡಿಮೆ. ಇವನ್ನೆಲ್ಲ ಡಿಗ್ರಿಯಲ್ಲೂ ಡಿಗ್ರಿಯ ಅರವತ್ತನೇ ಒಂದು ಭಾಗವಾದ ನಿಮಿಷದಲ್ಲೂ ಅಳೆಯುತ್ತಾರೆ. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಯಂತ್ರದ ಪರದೆಯಲ್ಲಿ 0.30 ಡಿಗ್ರಿ ಎಂದಿದ್ದರೆ ಅದು 18 ನಿಮಿಷ. ಕೈಪಿಡಿಯಲ್ಲಿ 0 ಡಿಗ್ರಿ 30 ನಿಮಿಷ ಎಂದಿದ್ದರೆ ಅದು ಅರ್ಧ ಡಿಗ್ರಿ. ಒಂದನ್ನು ಇನ್ನೊಂದೆಂದು ಓದಿ ಸೆಟ್ ಮಾಡಿಕೊಟ್ಟವರನ್ನು ನಾನೇ ನೋಡಿದ್ದೇನೆ.

ಸ್ಪ್ರಿಂಗ್ ಗಿಡ್ಡವಾದರೆ ಈ ಕೋನಗಳು ಏಕೆ ಬದಲಾಗುತ್ತವೆ? ಚಕ್ರವನ್ನು ಕಾರಿಗೆ ಹಿಡಿದಿಟ್ಟಿರುವ ಪ್ರತಿಯೊಂದು ಆರ್ಮ್ ಒಂದು ಕಮಾನಿನ ದಾರಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಕಾರು ಕೆಳಗಿಳಿದಾಗ ಎಲ್ಲ ಆರ್ಮ್‌ಗಳೂ ತಮ್ಮ ಕಮಾನಿನ ಬೇರೊಂದು ಜಾಗದಲ್ಲಿ ನಿಲ್ಲುತ್ತವೆ. ಲೋವರ್ ಆರ್ಮ್ ಚಕ್ರದ ಬುಡವನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತದೆ, ಕ್ಯಾಂಬರ್ ಋಣಕ್ಕೆ ಹೋಗುತ್ತದೆ. ಚಕ್ರವನ್ನು ಎಡಬಲ ತಿರುಗಿಸುವ ಕಡ್ಡಿಯಾದ ಟೈ ರಾಡ್‌ನ ಉದ್ದವೂ ಕೋನವೂ ಬೇರೆಯಾದ್ದರಿಂದ ಅದರ ಕಮಾನು ಬೇರೆ, ಆದ್ದರಿಂದ ಟೋ ಕೂಡ ಕದಲುತ್ತದೆ. ಯಾವ ಕಡೆಗೆ ಎಂಬುದು ಸ್ಟೀರಿಂಗ್ ರ‍್ಯಾಕ್ ಕೂತಿರುವ ಜಾಗದ ಮೇಲೆ, ಕಾರಿನ ವಿನ್ಯಾಸದ ಮೇಲೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆ ಹಿಡಿದಿರುವುದರಿಂದ ಅಲ್ಲಿ ಹಿಂದೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಯಿಸಲು ಬೋಲ್ಟೂ ಇರುವುದಿಲ್ಲ, ಬೇಕಿದ್ದರೆ ಶಿಮ್ ಎಂಬ ತೆಳು ತಗಡು ಹಾಕಬೇಕು. ನಾಲ್ಕು ಚಕ್ರಕ್ಕೂ ಬಿಡಿ ಸಸ್ಪೆನ್ಷನ್ ಇರುವ ಸ್ಪೋರ್ಟ್ಸ್ ಕಾರಿನಲ್ಲಿ ಹಿಂದಿನ ಚಕ್ರಗಳೂ ಅಷ್ಟೇ ಕದಲುತ್ತವೆ. ನಾನು ಕೆಟ್ಟದ್ದು ಅಲ್ಲಿ.

ಎಷ್ಟು ತಗ್ಗಿಸಬೇಕು

ನನ್ನ ಅಭಿಪ್ರಾಯ ನೇರವಾಗಿದೆ: ಈ ಜಿಲ್ಲೆಯಲ್ಲಿ ಓಡುವ ಕಾರಿಗೆ 25 ಮಿ.ಮೀ. ಸಾಕು, 30 ದಾಟಿದರೆ ಪಶ್ಚಾತ್ತಾಪ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ದುಂಡು ರಸ್ತೆ ಉಬ್ಬಿಗೆ (ಹಂಪ್) ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಹೆದ್ದಾರಿ 44ರಿಂದ ಇಳಿದು ಹಳ್ಳಿ ದಾರಿ ಹಿಡಿದರೆ ಸಿಗುವ ಹಂಪುಗಳಿಗೆ ಆ ಅಗಲವೂ ಇಲ್ಲ, ಆ ದುಂಡುತನವೂ ಇಲ್ಲ. ಅಪಘಾತವಾದ ಮಾರನೆಯ ದಿನ ಊರವರು ಸಿಟ್ಟಿನಲ್ಲಿ ಹಾಕಿದ ದಿಣ್ಣೆಗಳವು. ಕ್ರಷರ್ ಟಿಪ್ಪರ್‌ಗಳು ಚೆಲ್ಲಿದ ಜಲ್ಲಿ ಬೇರೆ.

ನೋಟಕ್ಕಷ್ಟೇ ಅಲ್ಲ, ಓಟಕ್ಕೂ ಅತಿ ತಗ್ಗು ಒಳ್ಳೆಯದಲ್ಲ. ಶಾಕ್ ಅಬ್ಸಾರ್ಬರ್ ಕಂಬವೇ ಚಕ್ರವನ್ನು ಹಿಡಿದಿರುವ ಸ್ಟ್ರಟ್ ಸಸ್ಪೆನ್ಷನ್ನಿನಲ್ಲಿ ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೇರುವಷ್ಟು ಕಾರು ತಗ್ಗಿದರೆ, ತಿರುವಿನಲ್ಲಿ ಕಾರು ವಾಲಿದಾಗ ಸಿಗಬೇಕಾದ ಕ್ಯಾಂಬರ್ ಸಿಗುವುದಿಲ್ಲ. ಕಾರು ವಾಲುವಾಗ ಸುತ್ತುವ ಬಿಂದುವಾದ ರೋಲ್ ಸೆಂಟರ್ ಕಾರಿನ ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಕುಸಿದು, ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಶಾಕ್ ಅಬ್ಸಾರ್ಬರ್‌ಗೆ ಆಡಲು ಜಾಗ ಉಳಿಯದೆ ಕೊನೆಯ ತಡೆಯಾದ ಬಂಪ್ ಸ್ಟಾಪ್ ರಬ್ಬರ್ ಮೇಲೆ ಕೂತುಬಿಡುತ್ತದೆ. ಹಾಗೆ ಕುಪ್ಪಳಿಸುವ ಕಾರಿನ ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಂಥ ಗುಳಿಗಳು ಏಳುತ್ತವೆ. ಅದನ್ನು ಯಾವ ಅಲೈನ್‌ಮೆಂಟೂ ಸರಿ ಮಾಡದು.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. ವಾಹನದ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ ಕಲಂನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ನಿಮ್ಮ ಬದಲಾವಣೆ ಇದರಡಿ ಬರುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ವಿಮಾ ಕಂಪನಿಗೂ ತಿಳಿಸಿ. ಹಳೆಯ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ.

ಹಂತ 1: ಬಿಚ್ಚುವ ಮೊದಲು ಅಳೆಯಿರಿ

ಕಾರು ಕಂಪನಿ ಕೊಟ್ಟ ಎತ್ತರದಲ್ಲಿರುವಾಗಲೇ ನಾಲ್ಕು ಚಕ್ರದ ಅಲೈನ್‌ಮೆಂಟ್ ಅಳೆಸಿ ಮುದ್ರಿತ ಹಾಳೆ ಇಟ್ಟುಕೊಳ್ಳಿ. ಸರಿ ಮಾಡಿಸಬೇಕೆಂದಿಲ್ಲ, ಅಳೆದರೆ ಸಾಕು. ಮುಂದೆ ಏನೇ ಗೊಂದಲವಾದರೂ ಹೋಲಿಸಲು ಇರುವುದು ಇದೊಂದೇ. ನಾನು ಇದನ್ನು ಮಾಡಿರಲಿಲ್ಲ.

ಎತ್ತರವನ್ನು ಅಳೆಯುವಾಗ ನೆಲದಿಂದ ಅಳೆಯಬೇಡಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿಗೆ ಅಳೆಯಿರಿ. ಆಗ ಟೈರಿನ ಗಾಳಿ, ಸವೆತ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕೂ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ನೋಟ್‌ಬುಕ್ ಕೊನೆಯವರೆಗೂ ಬೇಕಾಗುತ್ತದೆ.

ಹಂತ 2: ಸ್ಪ್ರಿಂಗ್ ಹಾಕುವ ದಿನ

ಸ್ಪ್ರಿಂಗ್ ಬದಲಿಸುವ ವಿಧಾನ ಕಾರಿನಿಂದ ಕಾರಿಗೆ ಬೇರೆ, ಅದಕ್ಕೆ ನಿಮ್ಮ ಕಾರಿನ ಕೈಪಿಡಿಯೇ ಗತಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಸ್ಪ್ರಿಂಗ್ ಕಂಪ್ರೆಸರ್ ಬಳಸಿ ಅಭ್ಯಾಸವಿಲ್ಲದಿದ್ದರೆ ಆ ಕೆಲಸ ಬಲ್ಲವರಿಗೆ ಬಿಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವಷ್ಟು ಶಕ್ತಿ ಅದರಲ್ಲಿರುತ್ತದೆ.

ಅಲೈನ್‌ಮೆಂಟ್‌ಗೆ ಸಂಬಂಧಪಟ್ಟ, ಹತ್ತರಲ್ಲಿ ಒಂಬತ್ತು ಕಡೆ ಬಿಟ್ಟುಬಿಡುವ ಒಂದು ಕೆಲಸವಿದೆ. ಆರ್ಮ್‌ಗಳ ರಬ್ಬರ್ ಬುಷ್ ಹಿಡಿದಿರುವ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿತಕ್ಕೆ ಬಿಗಿಯಬಾರದು. ಆ ಬುಷ್ ಜಾರುವಂಥದ್ದಲ್ಲ. ಬೋಲ್ಟ್ ಬಿಗಿಯಾದ ಭಂಗಿಯಲ್ಲಿ ರಬ್ಬರ್ ಆರಾಮವಾಗಿರುತ್ತದೆ, ಬೇರೆ ಭಂಗಿಯಲ್ಲೆಲ್ಲ ತಿರುಚಿಕೊಂಡಿರುತ್ತದೆ. ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಹಗಲೂ ರಾತ್ರಿ ಅದು ತಿರುಚಿಕೊಂಡೇ ನಿಂತಿರುತ್ತದೆ. ಕಾರನ್ನು ಒಂದಿಷ್ಟು ಮೇಲಕ್ಕೂ ತಳ್ಳುತ್ತಿರುತ್ತದೆ, ಬೇಗ ಹರಿಯುತ್ತದೆ. ಬುಷ್ ಹರಿದರೆ ಬ್ರೇಕ್ ಒತ್ತಿದಾಗಲೆಲ್ಲ ಟೋ ತನ್ನಿಷ್ಟಕ್ಕೆ ಬದಲಾಗುತ್ತದೆ. ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಕಾರಿನ ಭಾರ ಚಕ್ರಗಳ ಮೇಲೆ ಕೂತ ಮೇಲೆ, ಎರಡು ಅಡಿ ಹಿಂದೆ ಮುಂದೆ ಉರುಳಿಸಿ, ಆಮೇಲೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಇದಕ್ಕೆ ಗುಣಿ ಇಲ್ಲವೇ ನಾಲ್ಕು ಕಂಬದ ಲಿಫ್ಟ್ ಬೇಕು. ಗ್ಯಾರೇಜಿನವರು ಗೊಣಗುತ್ತಾರೆ, ಗೊಣಗಲಿ.

ಹೆಡ್‌ಲೈಟ್ ಹೊಂದಿಸಲು ಕಾರಿನ ಎತ್ತರ ಅಳೆಯುವ ಸಂವೇದಕದ ಕಡ್ಡಿ, ಬ್ರೇಕ್ ಪೈಪು, ಎಬಿಎಸ್ ವೈರು ಎಲ್ಲೂ ಎಳೆದುಕೊಂಡಿಲ್ಲವೆಂದು ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿ.

ಹಂತ 3: ದಾರ ಕಟ್ಟಿ ಟೋ ನೋಡುವುದು

ಹೊಸ ಸ್ಪ್ರಿಂಗ್ ಕೂರಲು 300ರಿಂದ 500 ಕಿ.ಮೀ. ಓಡಬೇಕು, ಅಂತಿಮ ಅಲೈನ್‌ಮೆಂಟ್ ಅದಾದ ಮೇಲೆಯೇ. ಹಾಗೆಂದು ಅಲ್ಲಿಯವರೆಗೆ ಹೇಗೋ ಓಡಿಸುವುದೂ ಸರಿಯಲ್ಲ. ಮನೆಯಲ್ಲೇ ದಾರ ಕಟ್ಟಿ ಟೋವನ್ನು ಒಂದು ಮಟ್ಟಿಗೆ ಸರಿ ಮಾಡಿಕೊಳ್ಳಬಹುದು. ಒಂದು ಬೆಳಗಿನ ಕೆಲಸ. ಒಮ್ಮೆ ಮಾಡಿದರೆ ಅಂಗಡಿಯ ಯಂತ್ರ ಹೇಳುವ ಸಂಖ್ಯೆಗಳು ನಿಮಗೆ ಅರ್ಥವಾಗತೊಡಗುತ್ತವೆ.

ಸಮತಟ್ಟಾದ ನೆಲ ಹುಡುಕಿ. ಕಣ್ಣಳತೆ ನಂಬಬೇಡಿ. ಮೇಸ್ತ್ರಿಗಳು ಪಾಯ ನೋಡಲು ಬಳಸುವ ನೀರು ತುಂಬಿದ ಮಟ್ಟದ ಪೈಪಿನಿಂದ ನಾಲ್ಕು ಚಕ್ರ ನಿಲ್ಲುವ ಜಾಗಗಳ ಮಟ್ಟ ನೋಡಿ. ಎಡ ಬಲ ಚಕ್ರಗಳ ನಡುವೆ ನೆಲ 5 ಮಿ.ಮೀ. ಏರುಪೇರಾದರೆ ಕ್ಯಾಂಬರ್ ಓದಿನಲ್ಲಿ ಸುಮಾರು 0.2 ಡಿಗ್ರಿ ತಪ್ಪಾಗುತ್ತದೆ. ತಗ್ಗಿದ ಕಡೆ ಟೈಲ್ಸ್ ಚೂರು ಕೊಟ್ಟು ಸರಿ ಮಾಡಿ. ಪ್ರತಿ ಚಕ್ರದ ಅಡಿಗೆ ಎರಡು ತಗಡಿನ ತುಂಡುಗಳನ್ನು ನಡುವೆ ಗ್ರೀಸ್ ಬಳಿದು ಇಡಿ. ಟೈರು ನೆಲವನ್ನು ಕಚ್ಚಿ ಹಿಡಿಯದೆ ತನ್ನ ನಿಜವಾದ ಭಂಗಿಗೆ ಜಾರಲು ಅದು ಬೇಕು.

ಸ್ಟೀರಿಂಗ್ ನೇರ ಮಾಡಿ ಅಲುಗದಂತೆ ಕಟ್ಟಿ. ಕಾರಿನ ಎರಡೂ ಪಕ್ಕದಲ್ಲಿ, ಚಕ್ರದ ನಡುಬಿಂದುವಿನ ಎತ್ತರದಲ್ಲಿ, ಕಾರಿನ ಮುಂದೆ ಹಿಂದೆ ಇಟ್ಟ ಸ್ಟ್ಯಾಂಡ್‌ಗಳಿಗೆ ದಾರ ಎಳೆದು ಕಟ್ಟಿ. ಶಿಡ್ಲಘಟ್ಟ ಪಕ್ಕದಲ್ಲೇ ಇದೆಯೆಂದು ರೇಷ್ಮೆ ಹುಡುಕಬೇಕಿಲ್ಲ, ಗೋಡೆ ಕಟ್ಟಲು ಬಳಸುವ ನೈಲಾನ್ ದಾರ ಸಾಕು.

ದಾರ ಕಾರಿಗೆ ಸಮಾನಾಂತರವಾಗಿರುವುದು ಇಡೀ ಕೆಲಸದ ಜೀವ. ಎಡ ದಾರದಿಂದ ಮುಂದಿನ ಎಡ ಚಕ್ರದ ನಡುಬಿಂದುವಿಗೆ ಎಷ್ಟು ದೂರವೋ ಬಲದಲ್ಲೂ ಅಷ್ಟೇ ಇರಬೇಕು. ಹಿಂದಿನ ಚಕ್ರಗಳಿಗೂ ಹಾಗೆಯೇ. ಮುಂದಿನ ದೂರವೂ ಹಿಂದಿನ ದೂರವೂ ಒಂದೇ ಆಗಬೇಕಿಲ್ಲ, ಏಕೆಂದರೆ ಕಾರಿನ ಮುಂದಿನ ಅಗಲ, ಹಿಂದಿನ ಅಗಲ ಸಾಮಾನ್ಯವಾಗಿ ಬೇರೆ. ಎರಡು ದಾರಗಳ ನಡುವಿನ ಅಂತರ ಮಾತ್ರ ಕಾರಿನ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಇಷ್ಟಾಗುವವರೆಗೆ ಸ್ಟ್ಯಾಂಡ್‌ಗಳನ್ನು ಸರಿಸುತ್ತಲೇ ಇರಿ. ನನಗೆ ಮೊದಲ ಸಲ ಇದಕ್ಕೇ ಒಂದು ಗಂಟೆ ಹಿಡಿಯಿತು. ಪಕ್ಕದ ಮನೆಯ ಅಜ್ಜಿ ಮನೆಗೆ ಪಾಯ ಹಾಕುತ್ತಿದ್ದೀಯೇನಪ್ಪಾ ಎಂದು ಕೇಳಿಯೂ ಹೋದರು.

ಈಗ ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆಯಿರಿ. ಮುಂದಿನ ಅಂಚು ದಾರದಿಂದ ಹೆಚ್ಚು ದೂರವಿದ್ದರೆ ಟೋ ಇನ್, ಹತ್ತಿರವಿದ್ದರೆ ಟೋ ಔಟ್. 18 ಇಂಚಿನ ರಿಮ್ಮಿಗೆ ಅಂಚಿನಿಂದ ಅಂಚಿಗೆ ಸುಮಾರು 48 ಸೆಂ.ಮೀ. ಅಷ್ಟರಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ 7 ನಿಮಿಷ ಚಿಲ್ಲರೆ. ಅರ್ಧ ಮಿ.ಮೀ. ಓದಬಲ್ಲ ಕಣ್ಣಿದ್ದರೆ ಮೂರು ನಾಲ್ಕು ನಿಮಿಷದ ನಿಖರತೆ ಬಂದಂತೆ. ತಾತ್ಕಾಲಿಕ ಹೊಂದಾಣಿಕೆಗೆ ಅದು ಧಾರಾಳ. ರಿಮ್ ಸೊಟ್ಟಗಿರುವ ಸಂಶಯವಿದ್ದರೆ ಕಾರನ್ನು ಚಕ್ರದ ಅರ್ಧ ಸುತ್ತು ಮುಂದಕ್ಕೆ ಉರುಳಿಸಿ, ದಾರವನ್ನು ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಕ್ಯಾಂಬರ್‌ಗೆ ತೂಗುಗುಂಡು ಸಾಕು. ದಾರವನ್ನು ರಿಮ್ಮಿನ ಮೇಲೆ ಇಳಿಬಿಟ್ಟು ಮೇಲಂಚಿಗೂ ಕೆಳಂಚಿಗೂ ದೂರ ಅಳೆಯಿರಿ. ಅದೇ ರಿಮ್ಮಿನಲ್ಲಿ 8 ಮಿ.ಮೀ. ಚಿಲ್ಲರೆ ವ್ಯತ್ಯಾಸ ಎಂದರೆ 1 ಡಿಗ್ರಿ.

ಮುಂದಿನ ಟೋ ಸರಿ ಮಾಡಲು ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸಬೇಕು. ರಾಡಿನ ತಿರುಪು ಸುತ್ತುಗಳ ಅಂತರ 1.5 ಮಿ.ಮೀ., ರಾಡ್ ಚಕ್ರದ ಕಡೆ ಸೇರುವ ಸ್ಟೀರಿಂಗ್ ತೋಳು 13 ಸೆಂ.ಮೀ. ಇದ್ದರೆ ಕಾಲು ಸುತ್ತಿಗೆ ಸುಮಾರು 10 ನಿಮಿಷ ಬದಲಾಗುತ್ತದೆ. ಎಡ ಬಲ ಎರಡನ್ನೂ ಸಮವಾಗಿ ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ಸೊಟ್ಟಗಾಗುತ್ತದೆ.

ಲೆಕ್ಕ ಹಾಕಿ ನೋಡಿದಾಗ

ಟೈರು ತಂತಿಗೆ ಬಂದ ಮೇಲೆ ನಾನು ಹೀಗೆ ದಾರ ಕಟ್ಟಿ ಅಳೆದಾಗ, ಹಿಂದಿನ ಎಡ ಚಕ್ರ 32 ನಿಮಿಷ, ಬಲ ಚಕ್ರ 11 ನಿಮಿಷ ಒಳಕ್ಕೆ ತಿರುಗಿದ್ದವು. ಒಟ್ಟು 43. ಎಡದ್ದು ಹೆಚ್ಚು ತಿರುಗಿದೆ, ಆದ್ದರಿಂದ ಎಡದ್ದೇ ಹೆಚ್ಚು ಸವೆಯಬೇಕು ಎಂದುಕೊಂಡರೆ ಅದು ತಪ್ಪು. ಕಾರು ಓಡುವಾಗ ಎರಡು ಚಕ್ರಗಳೂ ಜಗಳವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಕಾರಿನ ಹಿಂಭಾಗ ತುಸು ಓರೆಯಾಗಿ ಸಾಗಿ, ಪ್ರತಿ ಟೈರಿಗೆ ಒಟ್ಟಿನ ಅರ್ಧ, ಅಂದರೆ 21.5 ನಿಮಿಷದ ಓರೆ ಬೀಳುತ್ತದೆ. ಎಡ ಬಲದ ಅಸಮತೆ ಟೈರಿನಲ್ಲಿ ಅಲ್ಲ, ಸ್ಟೀರಿಂಗಿನಲ್ಲಿ ಕಾಣುತ್ತದೆ. ಹಿಂದಿನ ಚಕ್ರಗಳು ಕಾರನ್ನು ತಳ್ಳುವ ದಿಕ್ಕು ಈ ಎರಡರ ವ್ಯತ್ಯಾಸದ ಅರ್ಧದಷ್ಟು, ಸುಮಾರು 10 ನಿಮಿಷ ಬಲಕ್ಕೆ ವಾಲಿತ್ತು. ಇದನ್ನೇ ಥ್ರಸ್ಟ್ ಕೋನ ಎನ್ನುತ್ತಾರೆ. ನೇರ ಹೋಗಲು ಮುಂದಿನ ಚಕ್ರಗಳೂ ಅಷ್ಟೇ ಬಲಕ್ಕೆ ತಿರುಗಿರಬೇಕು. ಸ್ಟೀರಿಂಗ್ ಅನುಪಾತ 17, ಅಂದರೆ ಸ್ಟೀರಿಂಗ್ 17 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ, ಎಂದಿಟ್ಟುಕೊಂಡರೆ ಸ್ಟೀರಿಂಗ್ ಚಕ್ರ ಸುಮಾರು 3 ಡಿಗ್ರಿ ಬಲಕ್ಕೆ ವಾಲುತ್ತದೆ. ನನ್ನ ಸ್ಟೀರಿಂಗ್ ಒಂಬತ್ತು ಸಾವಿರ ಕಿಲೋಮೀಟರ್ ಉದ್ದಕ್ಕೂ ಹಾಗೆಯೇ ವಾಲಿ ನನಗೆ ಹೇಳುತ್ತಿತ್ತು. ರಸ್ತೆಯ ಇಳಿಜಾರು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

21.5 ನಿಮಿಷದ ಓರೆ ಎಂದರೆ ಪ್ರತಿ ಕಿಲೋಮೀಟರಿಗೆ ಟೈರು ಆರೂಕಾಲು ಮೀಟರ್ ಅಡ್ಡಕ್ಕೆ ಉಜ್ಜಿದಂತೆ. 9,000 ಕಿ.ಮೀ.ಗೆ ಅದು 56 ಕಿ.ಮೀ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅಷ್ಟು ದೂರ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋಗಿದ್ದೆ, ಅದೂ ಎರಡು ಡಿಗ್ರಿ ಋಣ ಕ್ಯಾಂಬರ್‌ನಿಂದಾಗಿ ಒಳಗಂಚಿನ ಮೇಲೆ ಭಾರ ಹೇರಿ. ಓರೆ 8 ನಿಮಿಷಕ್ಕೆ ಇಳಿದರೆ ಆ ಉಜ್ಜಾಟ ಕಿಲೋಮೀಟರಿಗೆ 2.3 ಮೀಟರಿಗೆ ಇಳಿಯುತ್ತದೆ. ಕ್ಯಾಂಬರ್ ಅಷ್ಟೇ ಇದ್ದರೂ ಟೈರು ಬದುಕುತ್ತದೆ.

ಹಂತ 4: ಅಂಗಡಿಗೆ ಹೋಗುವ ಮುನ್ನ

ಸ್ಪ್ರಿಂಗ್ ಕೂತಿದೆ, ಎತ್ತರ ಮತ್ತೆ ಅಳೆದಿದ್ದೀರಿ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ. ಪೆಟ್ರೋಲ್ ಅರ್ಧ ಟ್ಯಾಂಕ್ ಇರಲಿ. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ, ಆಮೇಲೆ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿ. ಬಾಲ್ ಜಾಯಿಂಟ್, ಟೈ ರಾಡ್ ತುದಿ, ಬೇರಿಂಗ್ ಯಾವುದರಲ್ಲಿ ಆಟವಿದ್ದರೂ ಮೊದಲು ಅದನ್ನು ಬದಲಿಸಿ. ಸಡಿಲ ಗೂಟಕ್ಕೆ ಎಷ್ಟು ಬಿಗಿ ಕಟ್ಟಿದರೇನು?

ಹಿಂದಿನ ಹೊಂದಾಣಿಕೆ ಬೋಲ್ಟ್‌ಗಳಿಗೆ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ವರ್ಷಗಟ್ಟಲೆ ತಿರುಗದ ಬೋಲ್ಟ್ ಬುಷ್‌ನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿದ್ದರೆ, ಬರುವುದಿಲ್ಲ ಸರ್ ಎಂಬ ಒಂದೇ ಮಾತಿನಲ್ಲಿ ಹಿಂದಿನ ಅಲೈನ್‌ಮೆಂಟ್ ಮುಗಿದುಹೋಗುತ್ತದೆ.

ಒಬ್ಬರೇ ಓಡಿಸುವ ಕಾರಾದರೆ ಚಾಲಕನ ಸೀಟಿನಲ್ಲಿ ನಿಮ್ಮಷ್ಟು ಭಾರ ಇಡಿ. ಕಾರು ತಯಾರಕರು ಕೊಟ್ಟ ಸಂಖ್ಯೆಗಳಿಗೆ ಹೊಂದಿಸುವುದಾದರೆ ಅವರು ಹೇಳಿದ ಭಾರದ ಸ್ಥಿತಿಯನ್ನೇ ಪಾಲಿಸಬೇಕು. ತಗ್ಗಿಸಿದ ಕಾರಿಗೆ ನೀವೇ ಸಂಖ್ಯೆ ಆರಿಸುವಾಗ ನಿಮ್ಮ ಭಾರದೊಡನೆ ಅಳೆಯುವುದು ಮೇಲು. ನಾನು 50 ಕೆ.ಜಿ. ಆಲೂಗಡ್ಡೆ ಮೂಟೆಯೊಂದನ್ನು ಗೋಣಿ ಹಾಸಿ ಕೂರಿಸಿ, ಬೆಲ್ಟ್ ಬಿಗಿದು, ಕಾಲಿಡುವ ಜಾಗದಲ್ಲಿ 20 ಲೀಟರಿನ ನೀರಿನ ಕ್ಯಾನ್ ಇಟ್ಟಿದ್ದೆ. ತರಕಾರಿ ಟೆಂಪೊಗಳ ಸಾಲಿನಲ್ಲಿ ನಿಂತ ಚಾಲಕರಿಗೆ ಅವತ್ತು ಒಳ್ಳೆಯ ಮನರಂಜನೆ.

ಹಂತ 5: ಅಂಗಡಿಯಲ್ಲಿ

ಟೆಂಪೊ, ಟ್ಯಾಕ್ಸಿಗಳಿಗೆ ಮುಂದಿನ ಟೋ ಸರಿ ಮಾಡಿ ಕಳಿಸುವ ಅಂಗಡಿಯಲ್ಲಿ ತಪ್ಪೇನಿಲ್ಲ, ಆ ವಾಹನಗಳಿಗೆ ಅಷ್ಟೇ ಬೇಕು. ನಿಮಗೆ ಬೇಕಾದದ್ದು ನಾಲ್ಕೂ ಚಕ್ರಕ್ಕೆ ಸಾಧನ ಕಟ್ಟಿ ಅಳೆಯುವ ಯಂತ್ರ, ಕಾರು ಹತ್ತಿ ನಿಲ್ಲಬಲ್ಲ ಇಳಿಜಾರು, ಒಂದು ಗಂಟೆ ಸಮಯ ಕೊಡಬಲ್ಲ ಮನುಷ್ಯ. ಮೂರನೆಯದು ಸಿಗುವುದು ಕಷ್ಟ, ವಾರದ ನಡುವಿನ ಮಧ್ಯಾಹ್ನ ಹೋಗಿ. ಇಳಿಜಾರಿಗೆ ಕಾರಿನ ಮೂತಿ ತಾಗುವಂತಿದ್ದರೆ ಎರಡು ಹಲಗೆ ನೀವೇ ಒಯ್ಯಿರಿ.

ಸಾಧನ ಕಟ್ಟಿದ ಮೇಲೆ ಕಾರನ್ನು ಸ್ವಲ್ಪ ಉರುಳಿಸಿ ರಿಮ್ಮಿನ ಸೊಟ್ಟನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಹಂತ ಹಾರಿಸಿದರೆ ಮುಂದಿನದ್ದೆಲ್ಲ ನೀರಿನ ಮೇಲಿನ ಬರಹ. ಪಟ್ಟಿಯಲ್ಲಿ ನಿಮ್ಮ ಕಾರಿನ ಮಾದರಿ, ವರ್ಷ, ಸಸ್ಪೆನ್ಷನ್ ಬಗೆ ಸರಿಯಾಗಿ ಆರಿಸಿದ್ದಾರೆಯೇ ನೋಡಿ. ಆಮೇಲೆ ಹಸಿರು ಕೆಂಪು ಮರೆತುಬಿಡಿ. ಆ ಬಣ್ಣಗಳು ಕಂಪನಿ ಕೊಟ್ಟ ಎತ್ತರಕ್ಕೆ ಬರೆದ ಮಿತಿಗಳು. ಹಸಿರಿನ ಈ ತುದಿಯಿಂದ ಆ ತುದಿಗೆ ಟೈರಿನ ಆಯಸ್ಸೇ ಬದಲಾಗಬಹುದು. ಸಂಖ್ಯೆ ಓದಿ.

ಕೆಲಸದ ಕ್ರಮ ಹೀಗೆ: ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ನಂತರ ಮುಂದಿನ ಕ್ಯಾಂಬರ್, ಕಟ್ಟಕಡೆಗೆ ಸ್ಟೀರಿಂಗ್ ನೇರ ಕಟ್ಟಿ ಮುಂದಿನ ಟೋ. ಹಿಂದಿನ ಚಕ್ರಗಳು ಕಾರಿನ ದಿಕ್ಕನ್ನು ನಿರ್ಧರಿಸುವುದರಿಂದ ಅವು ಮೊದಲು. ಕ್ಯಾಂಬರ್ ಬದಲಿಸಿದಾಗಲೆಲ್ಲ ಟೋ ಕದಲುವುದರಿಂದ ಟೋ ಕೊನೆಗೆ. ಕ್ಯಾಸ್ಟರ್ ಬದಲಿಸಲು ಸ್ಟ್ರಟ್ ಸಸ್ಪೆನ್ಷನ್ನಿನ ಬಹಳಷ್ಟು ಕಾರುಗಳಲ್ಲಿ ಅವಕಾಶವೇ ಇಲ್ಲ. ಎಡ ಬಲ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಏನೋ ಬಾಗಿದೆ ಎಂದು ಹುಡುಕಿ.

ನನ್ನ ಕಾರಿನಲ್ಲಿ ಹಿಂದಿನ ಕ್ಯಾಂಬರ್ ಮತ್ತು ಟೋಗೆ ಆರ್ಮ್‌ನ ಒಳತುದಿಯಲ್ಲಿ ರಂಧ್ರ ನಡುವಿನಿಂದ ಪಕ್ಕಕ್ಕೆ ಸರಿದಿರುವ ವಾಷರ್‌ನ ಬೋಲ್ಟ್‌ಗಳಿವೆ. ಮುಂದಿನ ಕ್ಯಾಂಬರ್‌ಗೆ ಸ್ಟ್ರಟ್‌ನ ತಲೆಯನ್ನು ಉದ್ದ ರಂಧ್ರಗಳಲ್ಲಿ ಸರಿಸಬೇಕು. ಹಳೆಯ ಜಾಗಕ್ಕೆ ಬಣ್ಣದ ಗುರುತು ಹಾಕಿಸಿದ ಮೇಲೆಯೇ ಸಡಿಲಿಸಲು ಬಿಡಿ.

ಯಾವ ಸಂಖ್ಯೆ? ರಸ್ತೆಯಲ್ಲೇ ಹೆಚ್ಚು ಓಡುವ, ತಿಂಗಳಿಗೊಮ್ಮೆ ಬೆಟ್ಟ ಹತ್ತುವ, ಎಂಜಿನ್ ನಡುವೆ ಅಥವಾ ಹಿಂದಿರುವ ಕಾರಿಗೆ ನನ್ನ ಆಯ್ಕೆ ಇದು. ಮುಂದಿನ ಕ್ಯಾಂಬರ್ ಋಣ 1 ಡಿಗ್ರಿಯ ಆಸುಪಾಸು, ಮುಂದಿನ ಒಟ್ಟು ಟೋ ಸೊನ್ನೆಯಿಂದ 10 ನಿಮಿಷ ಒಳಕ್ಕೆ. ಹಿಂದಿನ ಕ್ಯಾಂಬರ್ ಋಣ 1 ಡಿಗ್ರಿ 45 ನಿಮಿಷದೊಳಗೆ, ಹಿಂದಿನ ಟೋ ಪ್ರತಿ ಚಕ್ರಕ್ಕೆ 8 ನಿಮಿಷ ಒಳಕ್ಕೆ, ಎಡ ಬಲ ಸಮ. ಟೈರು ಉಳಿಸುವ ಆಸೆಯಿಂದ ಹಿಂದಿನ ಟೋವನ್ನು ಸೊನ್ನೆ ಮಾಡಬೇಡಿ. ಸೊನ್ನೆಯಲ್ಲಿಟ್ಟರೆ ಭಾರ ಬಿದ್ದಾಗ ಅದು ಔಟ್ ಕಡೆಗೆ ಜಾರಬಹುದು, ಹಿಂದಿನ ಚಕ್ರ ಟೋ ಔಟ್ ಆದರೆ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಕಾರಿನ ಬಾಲ ಹೊರಗೆ ಹಾರುತ್ತದೆ. ನಿಮ್ಮ ಕಾರಿನ ಮೂಲ ಸಂಖ್ಯೆಗಳು ಇದಕ್ಕಿಂತ ತೀರಾ ಭಿನ್ನವಾಗಿದ್ದರೆ ಟೋ ವಿಷಯದಲ್ಲಿ ತಯಾರಕರ ಮಾತನ್ನೇ ಕೇಳಿ.

ಬೋಲ್ಟ್ ಕೊನೆಯ ತುದಿಗೆ ಹೋದರೂ ಕ್ಯಾಂಬರ್ ಇಳಿಯದಿದ್ದರೆ ಮೂರು ದಾರಿ: ಉದ್ದ ಬದಲಿಸಬಹುದಾದ ಆರ್ಮ್, ಮುಂದೆ ಸ್ಟ್ರಟ್‌ನ ತಲೆಯನ್ನು ಇನ್ನಷ್ಟು ಸರಿಸಲು ಬಿಡುವ ಕ್ಯಾಂಬರ್ ಪ್ಲೇಟ್, ಇಲ್ಲವೇ ಕಾರನ್ನು ಹತ್ತು ಮಿ.ಮೀ. ಮೇಲೆತ್ತುವುದು. ಮೂರನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಡಿಮೆ ಜನ ಆರಿಸುವುದೂ ಅದನ್ನೇ.

ಹೊರಡುವ ಮುನ್ನ ಸ್ಟೀರಿಂಗ್ ಕೋನದ ಸಂವೇದಕವನ್ನು ಸ್ಕ್ಯಾನರ್‌ನಿಂದ ಹೊಸದಾಗಿ ಸೊನ್ನೆಗೆ ತರಿಸಿ. ಇಲ್ಲದಿದ್ದರೆ ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ನೇರ ರಸ್ತೆಯನ್ನೂ ತಿರುವೆಂದುಕೊಳ್ಳಬಹುದು. ಹೆಡ್‌ಲೈಟ್ ಕಿರಣವನ್ನೂ ಗೋಡೆಯ ಮೇಲೆ ನೋಡಿ ಸರಿ ಮಾಡಿಸಿ. ಮೊದಲಿನ ಮತ್ತು ಆಮೇಲಿನ ಸಂಖ್ಯೆಗಳೆರಡೂ ಇರುವ ಹಾಳೆ ಕೇಳಿ ಪಡೆಯಿರಿ.

ಹಂತ 6: ಟೈರನ್ನು ಓದುವುದು

ಕಣ್ಣಿಗಿಂತ ಅಂಗೈ ಮೊದಲು ಹೇಳುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಕೈ ಸವರಿ. ಒಳಗಿನಿಂದ ಹೊರಗೆ ಸವರುವಾಗ ಗರಗಸದಂತೆ ತಡೆದು, ಹೊರಗಿನಿಂದ ಒಳಗೆ ನುಣ್ಣಗಿದ್ದರೆ ಟೋ ಇನ್ ಹೆಚ್ಚಾಗಿದೆ. ಇದಕ್ಕೆ ತದ್ವಿರುದ್ಧವಾದರೆ ಟೋ ಔಟ್. ಎರಡೂ ಕಡೆ ನುಣ್ಣಗಿದ್ದು ಒಳಗಂಚು ಮಾತ್ರ ತಗ್ಗಿದ್ದರೆ ಆಗ ಕ್ಯಾಂಬರ್ ಮೇಲೆ ಆರೋಪ ಹೊರಿಸಬಹುದು. ನಡು ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಸುತ್ತಲೂ ಗುಳಿ ಗುಳಿ ಎದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿ. ಆವತ್ತು ಪಂಕ್ಚರ್ ಅಂಗಡಿಯವರು ನನ್ನ ಅಂಗೈಯನ್ನು ಹಿಡಿದು ಟೈರಿನ ಮೇಲೆ ಆಡಿಸಿದ್ದರು. ಬೋಳಾದ ಜಾಗದ ಪಕ್ಕದ ಪಟ್ಟಿಗಳು ಒಳಗಿನಿಂದ ಹೊರಗೆ ಸವರುವಾಗ ಚರ್ಮ ಕೆರೆಯುವಷ್ಟು ಚೂಪಾಗಿದ್ದವು.

ತಗ್ಗಿಸಿದ ಕಾರಿನ ಹಿಂದಿನ ಟೈರಿನ ಒಳಗಂಚು ನಿಂತು ನೋಡಿದರೆ ಕಾಣುವುದೇ ಇಲ್ಲ. ಮೊಬೈಲನ್ನು ಬಂಪರ್ ಕೆಳಗೆ ತೂರಿಸಿ ಚಿತ್ರ ತೆಗೆಯಿರಿ. ಇನ್ನೂ ಒಳ್ಳೆಯದೆಂದರೆ ಬಟನ್ ಆಳ ಅಳೆಯುವ ಸಣ್ಣ ಗೇಜ್ ಕೊಂಡು ಪ್ರತಿ ಟೈರಿನಲ್ಲಿ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯುವುದು. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ಮೂರರಲ್ಲಿ ಅತಿ ಕಡಿಮೆ ಇರುವ ಅಳತೆಯೇ ಟೈರಿನ ಅಳತೆ. ಮಳೆಗಾಲದಲ್ಲಿ ಹೆದ್ದಾರಿಗಿಳಿಯುವವರು 3ರ ಹತ್ತಿರ ಬಂದಾಗಲೇ ಬದಲಿಸುವುದು ಒಳಿತು.

ಮೊದಲ 1,000 ಕಿ.ಮೀ.ಗೆ ಒಮ್ಮೆ, ಆಮೇಲೆ ಎರಡೂವರೆ ಮೂರು ಸಾವಿರಕ್ಕೊಮ್ಮೆ ಅಳೆದರೆ ಸಾಕು. ಒಳಗಿನ ಸವೆತ ಹೊರಗಿನದರ ಎರಡರಷ್ಟು ಮೀರಿದರೆ ಮತ್ತೆ ಅಲೈನ್‌ಮೆಂಟ್. ದೊಡ್ಡ ಗುಂಡಿಗೆ ಬಿದ್ದರೆ, ಯಾವುದೇ ಆರ್ಮ್ ಅಥವಾ ಬುಷ್ ಬದಲಿಸಿದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟಗೆ ನಿಂತರೆ ಕಾಯುವುದು ಬೇಡ. ಮುಂದೆ 235, ಹಿಂದೆ 265 ಅಗಲದ ಟೈರುಗಳಿರುವ ನನ್ನಂಥವರು ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ ಸವೆತ ಹಂಚುವಂತಿಲ್ಲ. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರಾದರೆ, ರಿಮ್ಮಿನಿಂದ ಬಿಚ್ಚಿಸದೆ ಎಡ ಬಲ ಬದಲಾವಣೆಯೂ ಇಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಹೊಸ ಹಿಂದಿನ ಟೈರುಗಳ ಕೊನೆಯ ಸಾಲು ಹೀಗಿದೆ: 9,000 ಕಿ.ಮೀ., ಎಡ ಟೈರು, ಒಳಗೆ 4.6, ನಡುವೆ 5.1, ಹೊರಗೆ 5.5. ಬಲ ಟೈರು, ಒಳಗೆ 4.7, ನಡುವೆ 5.1, ಹೊರಗೆ 5.4. ಸ್ಟೀರಿಂಗ್ ನೇರ.